ಟ್ಯೂಲಿಪ್‌ಬಾಯಿಯ ರವಿವಾರ

ಆ ರವಿವಾರ ಬೆಳಗ್ಗೆ ಏಳು ಗಂಟೆಗೆ ಸದಾಶಿವ ಪೇಟೆಯ ಹಲವು ಬಿಡಾರಗಳ ವಾಡೆಯ ಮುಂದೆ ಒಂದು ಟಾಂಗಾ ನಿಂತಿತು. ಕಾಲುವೆ ಆಫೀಸಿನ ಕಾರಕೂನ ಬಿಂದುಮಾಧವ, ಒಂದು ಬೆತ್ತದ ಬುಟ್ಟಿಯನ್ನು ಎದೆಗವಚಿಕೊಂಡು ಇಳಿದ. ಬುಟ್ಟಿಯೊಳಗೆ ಅವನ ಸಾಹೇಬರ ಹೆಂಡತಿಯ ನಾಯಿ ಇತ್ತು.

ನಾಯಿ ಎನ್ನಲು ಅದು ನಾಯಿಯಷ್ಟು ಇರಲೂ ಇಲ್ಲ. ಹಿಂಜಿದ ಹತ್ತಿಯ ಉಂಡೆಗೆ ಮೂರು ಕಪ್ಪು ಗುಂಡಿ ಹೊಲಿದಂತಿತ್ತು. ಹೆಸರು ಟ್ಯೂಲಿಪ್. ಮಡಮ್ ಸಾಹೇಬರು ಗೆಳತಿಯರೊಡನೆ ಖಡಕವಾಸಲಾ ಕೆರೆಗೆ ದೋಣಿವಿಹಾರಕ್ಕೆ ಹೊರಟಿದ್ದರು. ಬಂಗಲೆಯ ಬಟ್ಲರ್, ಈ ನಾಯಿಯನ್ನು ನೋಡಿಕೊಳ್ಳುವುದಕ್ಕಿಂತ ನೌಕರಿ ಬಿಡುವುದೇ ಮೇಲೆಂದು ಶನಿವಾರವೇ ಬಿಟ್ಟು ಹೋಗಿದ್ದ. "ಸಂಜೆ ಐದರ ತನಕ ಯಾರು ನೋಡಿಕೊಳ್ಳುತ್ತೀರಿ?" ಎಂದು ಸಾಹೇಬರು ಆಫೀಸಿನಲ್ಲಿ ಕೇಳಿದಾಗ ಬಿಂದುಮಾಧವನ ಕೈ ತಾನಾಗಿಯೇ ಮೇಲೆದ್ದಿತ್ತು.

ಕೈ ಏಳಲು ಕಾರಣವಿತ್ತು. ಬಾರಾಮತಿಯ ಕಾಲುವೆ ಕ್ಯಾಂಪಿಗೆ ಒಬ್ಬ ಕಾರಕೂನನನ್ನು ಕಳಿಸುತ್ತಾರೆಂದು ಸುದ್ದಿ ಹಬ್ಬಿತ್ತು. ಅಲ್ಲಿ ಕಬ್ಬು ಎಷ್ಟೋ ಸೊಳ್ಳೆಯೂ ಅಷ್ಟೇ. ಅವನ ಹೆಂಡತಿ ಇಂದೂ ಗಾಯನ ಕ್ಲಾಸಿಗೆ ಸೇರಿ ಬರೀ ಮೂರು ವಾರವಾಗಿತ್ತು. "ಬಾರಾಮತಿಗೆ ನೀವೊಬ್ರೇ ಹೋಗ್ರಿ. ನಾ ಹಾಡ್ಕೋತ ಇಲ್ಲೇ ಇರ್ತೇನಿ," ಎಂದು ಅವಳು ಭೂಪ ರಾಗದಲ್ಲೇ ಹೇಳಿಬಿಟ್ಟಿದ್ದಳು. ಮಡಮ್ಮರ ಮನಸ್ಸು ಗೆದ್ದರೆ ವರ್ಗ ತಪ್ಪೀತೆಂದು ಅವನ ಲೆಕ್ಕ.

ಮಡಮ್ಮರ ಅಪ್ಪಣೆ ಎರಡೇ. ಸಣ್ಣ ಜಾತಿಯ ನಾಯಿಗಳ ಬಾಯಲ್ಲಿ ಹಲ್ಲು ಇಕ್ಕಟ್ಟಾಗಿ ಬೇಗ ಹುಳುಕಾಗುತ್ತವೆಂದು ಕುದುರೆ ಡಾಕ್ಟರು ಹೇಳಿದ್ದರಿಂದ ದಿನಾ ಹಲ್ಲುಜ್ಜಬೇಕು. ಇನ್ನೊಂದು, ರತ್ನಗಂಬಳಿಯ ಮೇಲೆ ಒಂದಕ್ಕೆ ಮಾಡುವ ಚಾಳಿ ಬಿಡಿಸಲು ತಾಸಿಗೊಮ್ಮೆ ಹೊರಗೆ ಒಂದೇ ಜಾಗಕ್ಕೆ ಒಯ್ಯಬೇಕು. ಮಾಡಿದರೆ "ಗುಡ್ ಗರ್ಲ್" ಎಂದು ಹೊಗಳಬೇಕು.

ಹಲ್ಲಿನಿಂದಲೇ ಶುರುಮಾಡಿದ. ನಾಯಿ ಬಾಯಿ ತೆರೆಯಲಿಲ್ಲ. ತೆರೆದಾಗ ಅವನ ಹೆಬ್ಬೆರಳಿಗಾಗಿ ತೆರೆಯಿತು. ಹಿಂಗಾಲು ಝಾಡಿಸಿದ ರಭಸಕ್ಕೆ ವಿಲಾಯತಿ ಹಲ್ಲುಪುಡಿಯ ಡಬ್ಬಿ ಹಾರಿ ಬಚ್ಚಲಿನ ಮೋರಿಯಲ್ಲಿ ತೇಲಿಹೋಯಿತು.

ಎದುರು ಮನೆಯ ನಿವೃತ್ತ ಮಾಸ್ತರ ಪ್ರಲ್ಹಾದರಾಯರು ಧೋತರ ಎತ್ತಿಕಟ್ಟಿಕೊಂಡು ಬಂದೇಬಿಟ್ಟರು. "ಚಿಂತಿ ಬ್ಯಾಡ ಬಿಂದುಮಾಧವ. ನನ್ನ ಕಡೆ ಬದಾಮಿ ಸಿಪ್ಪಿ ಸುಟ್ಟ ಪುಡಿ ಅದ. ನಲವತ್ತು ವರ್ಷದಿಂದ ಅದರಲೇ ತಿಕ್ಕತೇನಿ."

ಅವರ ಬಾಯಲ್ಲಿ ಹಲ್ಲು ಎಷ್ಟು ಉಳಿದಿವೆಯೆಂದು ಕೇಳುವ ಧೈರ್ಯ ಬಿಂದುಮಾಧವನಿಗಾಗಲಿಲ್ಲ. ಇಂದೂ ಕಾಲು ಹಿಡಿದಳು, ಅವನು ತಲೆ ಹಿಡಿದ, ಮಾಸ್ತರರು ತಿಕ್ಕಿದರು. ಬಿಟ್ಟಾಗ ಟ್ಯೂಲಿಪ್ಪಿನ ಹಲ್ಲು, ಒಸಡು, ಗಡ್ಡ ಎಲ್ಲ ಸೇರಿ ಇದ್ದಿಲು ತಿಂದು ಬಂದ ಬೆಕ್ಕಿನಂತಾಗಿತ್ತು.

"ಅಯ್ಯಯ್ಯ, ಬಾರಾಮತಿ ಖರೇ ಆತು!" ಎಂದು ಇಂದೂ ಹಣೆ ಹಣೆ ಬಡಿದುಕೊಂಡಳು.

ಗದ್ದಲ ಕೇಳಿ ಮೂಲೆಯ ಚಹಾ ಹೊಟೇಲಿನ ಉಡುಪಿಯ ಸುಬ್ಬಯ್ಯ ಇಣುಕಿದ. "ಉಜ್ಜುವುದು ಯಾಕೆ ಮಾರಾಯ್ರೆ? ಒಣಕೊಬ್ಬರಿ ಕೊಡಿ, ಅದೇ ಜಗೀತದೆ. ಜಗಿದರೆ ಹಲ್ಲು ತನ್ನಷ್ಟಕ್ಕೆ ಕ್ಲೀನ್ ಆಗ್ತದೆ," ಎಂದು ಒಂದು ಗಿಟಕು ತಂದುಕೊಟ್ಟ. ಟ್ಯೂಲಿಪ್ ಅದನ್ನು ಎರಡೂ ಮುಂಗಾಲಲ್ಲಿ ಹಿಡಿದು ಒಂದು ತಾಸು ಕೆರೆಯಿತು. ಕಪ್ಪು ಹೋಗುವುದರ ಜೊತೆಗೆ ಹಳೆಯ ಹಳದಿಯೂ ಹೋಗಿ ಹಲ್ಲು ಮಲ್ಲಿಗೆ ಮೊಗ್ಗಿನಂತೆ ಹೊಳೆದವು.

ಇನ್ನು ಎರಡನೆಯ ಅಪ್ಪಣೆ. ಬಿಂದುಮಾಧವ ತಾಸಿಗೊಮ್ಮೆ ನಾಯಿಯನ್ನು ಹಿತ್ತಲಿನ ಪೇರಲ ಗಿಡದ ಬುಡಕ್ಕೆ ಒಯ್ದು ಬಿಸಿಲಲ್ಲಿ ನಿಂತ. "ಗುಡ್ ಗರ್ಲ್, ಗುಡ್ ಗರ್ಲ್" ಎಂದು ಮುಂಗಡವಾಗಿಯೇ ಹೊಗಳಿದ. ಅದು ಅವನ ಮುಖವನ್ನೇ ನೋಡುತ್ತ ಕೂತಿತು. ಒಳಗೆ ಬಂದೊಡನೆ ಮಾಸ್ತರರ ಪತ್ರಿಕೆಯ ಮೇಲೆ ಮಾಡಿತು. ಎರಡನೆಯ ಸಲ ಇಂದೂಳ ತಂಬೂರಿಯ ಗವಸಿನ ಮೇಲೆ. ಮೂರನೆಯ ಸಲ ವಾಡೆಯ ಹಿರಿಯಜ್ಜಿ ರಂಗೂಬಾಯಿ ಮಡಿಯುಟ್ಟು ದೇವರ ಮನೆಗೆ ಹೊರಟಿದ್ದ ದಾರಿಯಲ್ಲೇ.

ರಂಗೂಬಾಯಿ ಒಂಟಿಗಾಲಲ್ಲಿ ನಿಂತು ಗುಡುಗಿದಳು. "ಬಿಂದ್ಯಾ! ಏನಿದು ನಿನ್ನ ತುಳಸೀದು?"

"ತುಳಸಿ ಅಲ್ರಿ ಅಜ್ಜಿ, ಟ್ಯೂಲಿಪ್."

"ಯಾವ್ದರ ಇರವಲ್ದ್ಯಾಕ! ಆರು ಮಕ್ಕಳು, ಹನ್ನೊಂದು ಮೊಮ್ಮಕ್ಕಳಿಗೆ ಕಲಿಸೇನಿ, ಇದಕ್ಕ ಕಲಿಸ್ಲಿಕ್ಕೆ ಬರೂದಿಲ್ಲೇನು? ತಗೊಂಡು ನಡಿ ಹಿತ್ತಲಕ. ನನಗ ತಾಗಸಬ್ಯಾಡ."

ಪೇರಲ ಗಿಡದಿಂದ ನಾಲ್ಕು ಮಾರು ದೂರ ನಿಂತು, ಸೆರಗು ಬಿಗಿದು, ರಂಗೂಬಾಯಿ ತುಟಿ ಚೂಪು ಮಾಡಿದಳು. "ಶ್ಶ್ಶ್ಶ್... ಶ್ಶ್ಶ್ಶ್..."

ಟ್ಯೂಲಿಪ್ ಕಿವಿ ನಿಮಿರಿಸಿತು. ಒಂದು ಸುತ್ತು ಸುತ್ತಿತು. ಆಮೇಲೆ ಹೇಳಿದ ಮಾತು ಕೇಳುವ ಹುಡುಗಿಯಂತೆ ಕೂತು ಕೆಲಸ ಮುಗಿಸಿತು.

"ಗುಡ್ ಗರ್ಲ್!" ಎಂದು ಬಿಂದುಮಾಧವ ಕೂಗಿದ್ದು ಅಜ್ಜಿಗೋ ನಾಯಿಗೋ ಅವನಿಗೇ ತಿಳಿಯಲಿಲ್ಲ. ಮಧ್ಯಾಹ್ನವಿಡೀ ವಾಡೆಯಲ್ಲಿ ಅದೇ ಪಾಠ. ನಾಯಿ ಒಮ್ಮೆಯೂ ತಪ್ಪಲಿಲ್ಲ. ಆದರೆ ಸಕ್ಕರೆ ಕಾಯಿಲೆಯ ಪ್ರಲ್ಹಾದರಾಯರು ಪ್ರತಿ "ಶ್ಶ್ಶ್"ಗೂ ಓದುವುದನ್ನು ಬಿಟ್ಟು ತಂಬಿಗೆ ಹಿಡಿದು ಓಡಬೇಕಾಯಿತು. "ಸಾಕು ನಿಲ್ಸೋ ಮಾರಾಯ, ನನಗ ದಣವಾತು!" ಎಂದು ಅವರು ಕೈ ಮುಗಿದರು.

ಐದಕ್ಕೆ ಸರಿಯಾಗಿ ಮೋಟಾರು ಬಂತು. ಮಡಮ್ ಸಾಹೇಬರು ಇಳಿದು ಮೊದಲು ನಾಯಿಯ ತುಟಿ ಎತ್ತಿ ನೋಡಿದರು. ನೋಡಿ ಹಿರಿಹಿರಿ ಹಿಗ್ಗಿದರು. ಬಿಂದುಮಾಧವ ಅವರನ್ನು ಹಿತ್ತಲಿಗೆ ಕರೆದೊಯ್ದು "ಶ್ಶ್ಶ್" ಎಂದ. ಟ್ಯೂಲಿಪ್ ಕೂತಿತು. ಮಡಮ್ಮರ ಕಣ್ಣಲ್ಲಿ ನೀರೇ ಬಂತು. ಎರಡು ವರ್ಷ, ಐದು ರತ್ನಗಂಬಳಿ, ಮೂವರು ಬಟ್ಲರು. ಯಾರಿಂದಲೂ ಆಗದ್ದು ಒಂದೇ ದಿನದಲ್ಲಿ! ಏನು ಬೇಕು ಕೇಳು ಎಂದರು.

ಬಿಂದುಮಾಧವ ದಿನವೆಲ್ಲ ಉರುಹೊಡೆದಿದ್ದ ಇಂಗ್ಲಿಷ್ ವಾಕ್ಯ ಆ ಹೊತ್ತಿಗೆ ಮುಕ್ಕಾಲು ಮರೆತುಹೋಯಿತು. "ಮೇಡಂ... ಬಾರಾಮತಿ..." ಎಂದಷ್ಟೇ ಬಂತು.

ಮಡಮ್ ಚಪ್ಪಾಳೆ ತಟ್ಟಿದರು. ನಿನಗೂ ಗೊತ್ತಾಯಿತೇ, ಬಾರಾಮತಿ ಕ್ಯಾಂಪಿಗೆ ಹೊರಟವರು ನಾವೇ ಎಂದು? ಸಾಹೇಬರು ಜೊತೆಗೆ ದಿಗಂಬರ ಎಂಬ ಕಾರಕೂನನ ಹೆಸರು ಬರೆದು ನಿನ್ನೆಯೇ ರುಜು ಹಾಕಿದ್ದರು. ಪಾಪ, ನೀನೇ ಬಾಯಿಬಿಟ್ಟು ಕೇಳುತ್ತಿರುವಾಗ ಬದಲಿಸದೆ ಇರುತ್ತಾರೆಯೇ? ಇವತ್ತು ರಾತ್ರಿಯ ಊಟದ ಹೊತ್ತಿಗೇ ಬದಲಿಸುತ್ತೇನೆ! ಇಷ್ಟು ಹೇಳಿ, ನಾಯಿಯನ್ನೆತ್ತಿಕೊಂಡು, ಕೈ ಬೀಸಿ ಅವರು ಹೊರಟೇಹೋದರು. "ನೋ ಮೇಡಂ, ನೋ!" ಎಂಬ ಮಾತು ಬಿಂದುಮಾಧವನ ಬಾಯಿಂದ ಹೊರಬೀಳುವ ಹೊತ್ತಿಗೆ ಮೋಟಾರು ಬೀದಿಯ ತಿರುವು ದಾಟಿತ್ತು.

ವಾಡೆಯೆಲ್ಲ ಬಾಗಿಲಲ್ಲಿ ಕೂಡಿತ್ತು. ಇಂದೂ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ರಂಗೂಬಾಯಿಗೆ ತಡೆಯಲಾಗಲಿಲ್ಲ.

"ಮಡಮ್ ಏನಂದ್ಲೋ ಬಿಂದ್ಯಾ?"

"ಭಾಳ ಖುಷಿ ಆಗ್ಯಾರ ಅಜ್ಜಿ. ಬಾರಾಮತಿಗೆ ಕರಕೊಂಡು ಹೊಂಟಾರ."

"ಯಾರ್ನ?"

"ನಾಯೀನ್ನ," ಎಂದ ಬಿಂದುಮಾಧವ. "ಅದರ ಜೋಡಿ ನನ್ನ."