ವಾಂತಿಯ ರಿಜಿಸ್ಟರು

ನನಗೆ ಬರೆದಿಡುವ ಚಟವಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವವನಿಗೆ ಬೇರೇನು ಬರುತ್ತದೆ? ಬೋಲ್ಟು ಕೈಗೆ ಬಂದರೆ ಅಳೆಯಬೇಕು, ಅಳೆದದ್ದನ್ನು ಬರೆಯಬೇಕು. ಬರೆಯದಿದ್ದರೆ ಆ ಬೋಲ್ಟು ಹುಟ್ಟಿಯೇ ಇಲ್ಲವೆಂದು ಆಡಿಟ್‌ನವರು ತೀರ್ಮಾನಿಸುತ್ತಾರೆ. ಮನೆಯಲ್ಲೂ ಇದೇ ಬುದ್ಧಿ. ಗ್ಯಾಸ್ ಸಿಲಿಂಡರಿಗೂ ಬದಲಾಯಿಸಿದ ತಾರೀಖಿನ ಚೀಟಿ ಅಂಟಿಸುತ್ತೇನೆ. ಅದನ್ನು ನೋಡಿದಾಗಲೆಲ್ಲ ಹೆಂಡತಿ ಸುಮಾ ತವರಿಗೆ ಫೋನ್ ಮಾಡುತ್ತಾಳೆ.

ಮೊನ್ನೆ ಬೆಳಿಗ್ಗೆ ಆರು ವರ್ಷದ ಮಗಳು ಚಿನ್ಮಯಿ ವಾಂತಿ ಶುರುಮಾಡಿದಳು. ಸುಮಾಳಿಗೆ ರಜೆ ಸಿಗಲಿಲ್ಲ, ನಾನು ಮನೆಯಲ್ಲಿ ಉಳಿದೆ. ಮಗು ಬಾಯಾರಿಕೆ ಎಂದಿತು. ನಾನು ಓಆರ್‌ಎಸ್ ನೀರನ್ನು ಒಂದು ಲೋಟ ಪೂರ್ತಿ ಕುಡಿಸಿಬಿಟ್ಟೆ. ಅಷ್ಟೂ ನನ್ನ ಅಂಗಿಯ ಮೇಲೆ ವಾಪಸ್ ಬಂತು. ಸದ್ದು ಕೇಳಿ ಎದುರುಮನೆಯ ಕೊಪ್ಪಳದ ಶಾಂತಮ್ಮ ಬಂದರು. "ಒಮ್ಮೆಲೇ ಹಂಗ ಕುಡಸ್ತಾರೇನ್ರೀ ಅಣ್ಣಾರ? ಚಮಚದಾಗ ಸ್ವಲ್ಪ ಸ್ವಲ್ಪ ಹಾಕ್ರಿ" ಎಂದು ಬೈದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಹೋದರು.

ಐದೈದು ನಿಮಿಷಕ್ಕೆ ಒಂದು ಚಮಚ ಶುರುವಾಯಿತು. ಕೈ ಸುಮ್ಮನಿರಬೇಕಲ್ಲ! ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಸಮಯ, ಬಣ್ಣ, ಅಂದಾಜು ಪ್ರಮಾಣ, ಷರಾ. ಷರಾದಲ್ಲಿ 'ಚಾಪೆ', 'ಬಕೆಟ್', 'ಮತ್ತೆ ಚಾಪೆ'. ನಾಲ್ಕನೆಯ ಬೆಡ್‌ಶೀಟ್ ಒಗೆಯುವ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಆಮೇಲೆ ಮಗು ಅಳುವುದನ್ನೂ ಬಿಟ್ಟು ಕಣ್ಣು ಮುಚ್ಚಿ ಮಲಗಿತು. ನಿಜ ಹೇಳುತ್ತೇನೆ, ಹೆದರಿಬಿಟ್ಟೆ. ಎತ್ತಿಕೊಂಡು ದಾಸರಹಳ್ಳಿಯ ಕ್ಲಿನಿಕ್ಕಿಗೆ ಓಡಿದೆ.

ನೋಟ್‌ಬುಕ್ ಮುಂದಿಟ್ಟೆ. ಡಾಕ್ಟರಮ್ಮ ಮೆಚ್ಚಿಕೊಂಡೇ ಪುಟ ತಿರುಗಿಸಿದರು. "ಚೆನ್ನಾಗ್ ಬರ್ದಿದೀರ. ಉಚ್ಚೆ ಯಾವಾಗ ಹೋದ್ಲು? ಮೈಯಲ್ಲಿ ನೀರು ಕಡಿಮೆ ಆಗಿದ್ಯಾ ಅಂತ ನೋಡ್ಬೇಕಲ್ಲ."

ಆ ಕಾಲಂ ನನ್ನಲ್ಲಿರಲಿಲ್ಲ. ಹೆಗಲ ಮೇಲಿನಿಂದ ಸಣ್ಣ ದನಿ ಬಂತು: "ಎರಡ್ ಸಲ ಹೋದೆ ಆಂಟಿ. ಮಲಗೋಕ್ ಮುಂಚೇನೂ ಹೋದೆ. ಅಪ್ಪ ಗೆರೆ ಹಾಕ್ತಾ ಇದ್ದ."

ಡಾಕ್ಟರಮ್ಮ ಅವಳ ನಾಲಗೆ, ಕಣ್ಣು ನೋಡಿ, "ಭಯ ಇಲ್ಲ, ಸುಸ್ತು ಅಷ್ಟೆ. ಚಮಚ ಮುಂದುವರ್ಸಿ" ಎಂದರು. ನನಗೆ ಅಲ್ಲೇ ಅಳು ಬಂತು.

ಮರುದಿನ ಅವಳು ಗಂಜಿ ಕುಡಿದು ಎದ್ದು ಕೂತಳು; ವಾಂತಿ ನನಗೆ ಹತ್ತಿಕೊಂಡಿತು. ಚಿನ್ಮಯಿ ಸ್ಕೇಲು ಹಿಡಿದು ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಕಾಲಂ ಎಳೆದಳು. ಬಚ್ಚಲ ಬಾಗಿಲ ಹೊರಗೆ ನಿಂತು, ಶಾಂತಮ್ಮನ ಮನೆಗೂ ಕೇಳುವಂತೆ ಕೂಗಿದಳು: "ಅಪ್ಪಾ, ಉಚ್ಚೆ ಹೋದ್ಯಾ?"

"ಹೋದೆ ಕಣಮ್ಮಾ, ಬರ್ಕೋ" ಎಂದೆ.