ವಿ-ಎಯ್ಟ್‌ಗೆ ಆಯುಧಪೂಜೆ

ಈ ಭೂಮಂಡಲದಲ್ಲಿ ಎಂದೂ ಕೆಡದ ಎಂಜಿನ್ನೊಂದನ್ನು ಕಟ್ಟಿಸಿಯೇ ತೀರುತ್ತೇನೆಂದು ನಾನು ಕಳೆದ ಯುಗಾದಿಯಂದು, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ, ಪ್ರತಿಜ್ಞೆ ಮಾಡಿದೆ. ಹೆಂಡತಿ ನೀಲಾಂಬಿಕಾ ತನ್ನ ಪಾಲಿನ ಬೇವನ್ನೂ ಆರಿಸಿ ನನ್ನ ತಟ್ಟೆಗೆ ಹಾಕಿದಳು.

ಪ್ರತಿಜ್ಞೆಗೆ ಕಾರಣ, ಸಿಡ್ನಿ ಅಂಚಿನ ಸ್ಕೋಫೀಲ್ಡ್ಸ್‌ನ ನಮ್ಮ ಮನೆಯ ಗರಾಜಿನಲ್ಲಿ ನಿಂತಿರುವ ಕಿತ್ತಳೆ ಬಣ್ಣದ ಎರಡು ಬಾಗಿಲಿನ ಕಾರು. 1974ರದು, ಎಂಟು ಸಿಲಿಂಡರಿನ ವಿ-ಎಯ್ಟ್. ನನಗಿಂತ ಆರು ವರ್ಷ ಹಿರಿಯರಾದ್ದರಿಂದ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಅವರ ಮುದಿ ಎಂಜಿನ್ನನ್ನು ಸ್ಟ್ರೋಕರ್ ಮಾಡಿಸಬೇಕೆಂಬುದು ನನ್ನ ಹುಚ್ಚು. ಎಂದರೆ, ಒಳಗಿನ ಕ್ರ್ಯಾಂಕ್ ಬದಲಿಸಿ ಪಿಸ್ಟನ್ನುಗಳು ಮೊದಲಿಗಿಂತ ಹೆಚ್ಚು ದೂರ ಮೇಲೆ ಕೆಳಗೆ ಓಡಾಡುವಂತೆ ಮಾಡುವುದು. ಆಗ ಐದು ಲೀಟರಿನ ಎಂಜಿನ್ ಅದೇ ಮೈಯಲ್ಲಿ ಐದೂಮುಕ್ಕಾಲು ಲೀಟರ್ ಆಗುತ್ತದೆ. ಇದನ್ನು ವಿವರಿಸಿದಾಗ ನೀಲಾ ನನ್ನ ಹೊಟ್ಟೆಯತ್ತ ನೋಡಿ, "ಅದು ಮನ್ಯಾಗ ಒಂದು ಆಗೇತಲ್ಲ," ಎಂದಳು.

ಕೊನೆಗೆ ಒಪ್ಪಿದಳು, ಷರತ್ತು ಹಾಕಿ. "ಡಿಸೆಂಬರ್‌ನಾಗ ಮೆಲ್ಬರ್ನ್‌ದಾಗ ತಂಗೀದು ಗೃಹಪ್ರವೇಶ ಐತಿ. ಇದ ಗಾಡ್ಯಾಗ ಹೋಗೂಣು. ದಾರ್ಯಾಗ ನಿಲ್ಲಬಾರದು. ಮತ್ತ ಇನ್ನೊಂದು ಮಾತು. ಕಟ್ಟೂ ಮುಂದ ನಿಮ್ಮ ಕೈಲೆ ಏನರ ಕೆಟ್ರ, ಅವತ್ತ ಗಾಡಿ ಮಾರೂದು."

"ನನ್ನ ಕೈಲೆ ಏನ್ ಕೆಟ್ಟೈತಿ?"

"ವಾಷಿಂಗ್ ಮಷೀನ್. ಗೇಟ್. ನಮ್ಮ ಕಾಕಾನ ಕಿವಿ ಮಷೀನ್."

ಇನ್ನೂ ಪಟ್ಟಿ ಬೆಳೆಯುವ ಮೊದಲೇ ನಾನು ಷರತ್ತು ಒಪ್ಪಿಕೊಂಡೆ.

ನಾನು ವೃತ್ತಿಯಿಂದ ಸಾಫ್ಟ್‌ವೇರ್ ಟೆಸ್ಟರ್. ಏನೇನು ಕೆಡಬಹುದೆಂದು ಮೊದಲೇ ಊಹಿಸಿ ಹೆದರುವುದಕ್ಕೇ ನನಗೆ ಸಂಬಳ. ಎಂಜಿನ್ನಿಗಾಗಿ ಒಂದು ಎಕ್ಸೆಲ್ ಶೀಟ್ ಮಾಡಿ ನೂರಾ ನಲವತ್ತಮೂರು ಅಪಾಯಗಳನ್ನು ಬರೆದೆ. ಆಯಿಲ್ ಪಂಪು ಕೈಕೊಟ್ಟರೆ? ಬಿಸಿಲಿಗೆ ನೀರು ಕುದಿದರೆ? ಬೋಲ್ಟೊಂದು ಸಡಿಲಾದರೆ? ಈ ಶೀಟನ್ನು ಮೆಲ್ಬರ್ನ್ ಬಳಿಯ ಡ್ಯಾಂಡಿನಾಂಗ್‌ನಲ್ಲಿ ಮಷೀನ್ ಶಾಪ್ ಇಟ್ಟಿರುವ ಬೆಳಗಾವಿಯ ರುದ್ರಪ್ಪನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಬಂತು.

"ಸರ, ಎಲ್ಲಾರೂ ಬಂದು ಹಾರ್ಸ್‌ಪವರ್ ಕೇಳ್ತಾರ. ನೀವೊಬ್ರ ನಿದ್ದಿ ಬರೂವಂಥಾ ಎಂಜಿನ್ ಕೇಳೀರಿ."

"ಕೊಡಾಕ ಆಗ್ತೈತೇನ್ರಿ?"

"ಎಂಜಿನ್ ಕೊಡ್ತೀನಿ. ನಿದ್ದೀದು ಹೇಳಾಕ ಬರೂದಿಲ್ಲ."

ರುದ್ರಪ್ಪ ಮಾತಿನಂತೆ ನಡೆದ. ಕಂಪ್ರೆಷನ್ ಮಿತಿಯಲ್ಲಿ, ವಾಲ್ವ್ ತೆರೆಯುವ ಕ್ಯಾಮ್ ಸೌಮ್ಯ, ಪಿಸ್ಟನ್ನುಗಳು ಗಟ್ಟಿ, ರೇಡಿಯೇಟರ್ ದೊಡ್ಡದು. ಎಂಜಿನ್ನಿನ ಕೆಳಭಾಗವನ್ನು ಪೂರ್ತಿ ಜೋಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಿಡ್ನಿಗೆ ಕಳಿಸಿದ. ಶನಿವಾರ ತಾನೇ ಬಂದು ಮೇಲಿನ ಮುಚ್ಚಳ ಕೂರಿಸುವುದಾಗಿ ಹೇಳಿದ. "ಅಲ್ಲೀತನಕ ಪ್ಲಾಸ್ಟಿಕ್ ಬಿಚ್ಚಬ್ಯಾಡ್ರಿ. ಕಣ್ಣಿಗೆ ಕಾಣದ ಧೂಳೂ ಬೇರಿಂಗ್ ತಿಂತೈತಿ."

ಗುರುವಾರ ಆಯುಧಪೂಜೆ ಬಂತು. ಮೂರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅತ್ತೆ ಗಿರಿಜವ್ವ ವಿಭೂತಿ ಗಟ್ಟಿ ಹಿಡಿದು ಗರಾಜಿನ ಬಾಗಿಲಿಗೆ ಬಂದರು.

"ಅಳಿಯಾಂದ್ರ, ಇವತ್ತ ಖಂಡೇಪೂಜಿ. ಎಂಜಿನ್ನಿಗೆ ಒಂದೀಟು ಹಚ್ಚತೀನಿ."

ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ. ಧೂಳು, ಬೇರಿಂಗು, ಆಯಿಲ್ ಹರಿಯುವ ಸಣ್ಣ ದಾರಿಗಳು, ಇವುಗಳ ಬಗ್ಗೆ ಇಪ್ಪತ್ತು ನಿಮಿಷ ಪ್ರವಚನ ಕೊಟ್ಟೆ. "ಇದು ಆಪರೇಷನ್ ಥಿಯೇಟರ್ ಇದ್ದಂಗ, ಅತ್ತ್ಯಾರ. ಭಕ್ತಿ ಬಾಗಿಲ ಹೊರಗ ಇರಲಿ." ಅವರು ತಲೆಯಾಡಿಸಿ, ಸ್ಪ್ಯಾನರುಗಳ ಪಾನಾಪೆಟ್ಟಿಗೆಗೆ ವಿಭೂತಿ ಹಚ್ಚಿ, ನಿಂಬೆಹಣ್ಣು ಕುಂಬಳಕಾಯಿ ತರಲು ಮಗಳ ಜೊತೆ ಭಾರತೀಯ ಅಂಗಡಿಗಳಿರುವ ಪೆಂಡಲ್ ಹಿಲ್‌ಗೆ ಹೊರಟರು.

ಮನೆಯಲ್ಲಿ ನಾನೊಬ್ಬನೇ ಉಳಿದೆ. ಆಗ ಹೊಳೆಯಿತು ನೂರಾ ನಲವತ್ತನಾಲ್ಕನೆಯ ಅಪಾಯ. ಪೂಜೆಯಾಗದ ಎಂಜಿನ್!

ಹುಬ್ಬಳ್ಳಿಯಲ್ಲಿ ನಮ್ಮಪ್ಪ ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ, ಕೊನೆಗೆ ಅಡುಗೆಮನೆಯ ಇಕ್ಕಳಕ್ಕೂ ಪೂಜೆ ಮಾಡುತ್ತಿದ್ದರು. ಆ ಇಕ್ಕಳ ಇವತ್ತಿಗೂ ಬಿಗಿಯಾಗಿ ಹಿಡಿಯುತ್ತದೆ. ನನ್ನ ಕಣ್ಣ ಮುಂದೆ ಮೆಲ್ಬರ್ನ್‌ಗೆ ಹೋಗುವ ಹ್ಯೂಮ್ ಹೈವೇ ಬಂತು. ಗುಂಡಗೈ ಹತ್ತಿರ, ನಲವತ್ತು ಡಿಗ್ರಿ ಬಿಸಿಲಲ್ಲಿ ಕಾರು ನಿಂತಿದೆ. ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟ ನೀಲಾ ನನ್ನನ್ನೇ ನೋಡುತ್ತ ನಿಂತಿದ್ದಾಳೆ. ಓಡಿಹೋಗಿ ದೇವರ ಜಗಲಿಯಿಂದ ವಿಭೂತಿ ತಂದೆ. ಪ್ಲಾಸ್ಟಿಕ್ ಎತ್ತಿ ಎಂಟೂ ಪಿಸ್ಟನ್ನುಗಳ ತಲೆಗೆ ಮೂರು ಮೂರು ಗೆರೆ ಎಳೆದೆ. ಎಂಟು ಜನ ಸ್ವಾಮಿಗಳು ಸಾಲಾಗಿ ಕೂತಂತೆ ಕಂಡಿತು. ಒಂದು ನಿಮಿಷ ಮನಸ್ಸಿಗೆ ಎಂಥ ನೆಮ್ಮದಿ!

ಎರಡನೆಯ ನಿಮಿಷಕ್ಕೆ ರುದ್ರಪ್ಪನ ಮಾತು ನೆನಪಾಯಿತು.

ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿ ಕೆಸರಾಯಿತು. ಒದ್ದೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನನ್ನ ಶೀಟಿನಲ್ಲಿ ಹದಿನೇಳನೆಯ ಅಪಾಯ, ಆದ್ದರಿಂದ ನೀಲಾಳ ಹೇರ್ ಡ್ರೈಯರ್ ತಂದು ಹಿಡಿದೆ. ಕೆಸರೇನೋ ಒಣಗಿತು, ಆದರೆ ಒಣಗಿದ್ದು ಹಾರಿತು. ಹಾರಿದ್ದು ನನ್ನ ಕಣ್ಣೆದುರಿಗೇ ಪಿಸ್ಟನ್ನುಗಳ ಸುತ್ತಲಿನ ಸಂದಿಗೆ ಇಳಿಯಿತು. ನಾನು ಪ್ಲಾಸ್ಟಿಕ್ಕನ್ನು ಮೊದಲಿನಂತೆ ಸುತ್ತಿ, ಡ್ರೈಯರನ್ನು ಅದರ ಜಾಗದಲ್ಲಿಟ್ಟು, ಸಂಭಾವಿತನಂತೆ ಸೋಫಾ ಮೇಲೆ ಕೂತೆ. ಅಂದಿನ ಹೋಳಿಗೆ ನನ್ನ ತಟ್ಟೆಯಲ್ಲೇ ಉಳಿಯಿತು. ಶುಕ್ರವಾರದ ಇಡ್ಲಿಯೂ ಉಳಿಯಿತು.

ಶನಿವಾರ ರುದ್ರಪ್ಪ ಬಂದ. ನಾವು ಮೂವರೂ ಸುತ್ತ ನಿಂತೆವು. ಪ್ಲಾಸ್ಟಿಕ್ ಬಿಚ್ಚಿದವನು ಟಾರ್ಚ್ ಬಿಟ್ಟು ನೋಡಿದ. ಬೆರಳಿನಿಂದ ಒಂದು ಅಂಚು ಮುಟ್ಟಿ, ಮೂಸಿ, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡ.

"ಯಾರು ಹಚ್ಚ್ಯಾರ್ರಿ ಇದನ್ನ?"

ನೀಲಾ ಕೈಕಟ್ಟಿ ನನ್ನ ಕಡೆ ತಿರುಗಿದಳು. ನಿಜ ಹೇಳಬೇಕೆಂದೇ ನಾನು ಬಾಯಿ ತೆರೆದದ್ದು, ಆಣೆಗೂ. ಆದರೆ ಮಾತು ಹೊರಡುವ ಮೊದಲು ಈ ದ್ರೋಹಿ ಕಣ್ಣುಗಳು ಅತ್ತೆಯ ಕಡೆ ಹೋಗಿಬಿಟ್ಟವು. ಎಲ್ಲರ ಕಣ್ಣೂ ಹಿಂದೆಯೇ ಹೋದವು.

ಗಿರಿಜವ್ವ ನನ್ನನ್ನೊಮ್ಮೆ ನೋಡಿದರು. ಕಿತ್ತಳೆ ಕಾರನ್ನೊಮ್ಮೆ ನೋಡಿದರು.

"ನಾನ ಹಚ್ಚೀನಿ," ಎಂದರು.

"ಯವ್ವಾ, ಅವರು ಅಷ್ಟ ಹೇಳಿದ್ರಲ್ಲ ನಿನಗ!" ನೀಲಾ ತಾಯಿಯನ್ನು ಹತ್ತು ನಿಮಿಷ ತರಾಟೆಗೆ ತೆಗೆದುಕೊಂಡಳು. ಅತ್ತೆ ತಲೆತಗ್ಗಿಸಿ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಇರ್ಲಿ ಬಿಡ್ರಿ ಅಕ್ಕಾರ," ಎಂದ ರುದ್ರಪ್ಪ, "ಎಲ್ಲಾ ಬಿಚ್ಚಿ ತೊಳದು ಮತ್ತ ಕಟ್ಟತೀನಿ. ಡಿಸೆಂಬರಕ್ಕ ತಯಾರ್ ಆಗ್ತೈತಿ." ಎಂಜಿನ್ನನ್ನು ವ್ಯಾನಿಗೆ ಹಾಕಿಕೊಂಡು ಡ್ಯಾಂಡಿನಾಂಗ್ ದಾರಿ ಹಿಡಿದ. ಕಾರು ಉಳಿಯಿತು.

ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಹೋಗಿ ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತೆ. ನನ್ನ ಕಣ್ಣಲ್ಲಿ ನೀರಿತ್ತು.

"ತಪ್ಪಾತು ಅತ್ತ್ಯಾರ. ನನ್ನ ಸಲುವಾಗಿ ಯಾಕ ಬೈಸ್ಕೊಂಡ್ರಿ?"

"ನನಗ ಬೈದ್ರ ಬೈಗಳ ಅಷ್ಟ. ನಿಮ್ಮ ಹೆಸರು ಬಂದ್ರ ಗಾಡಿ ಹೋಗ್ತಿತ್ತು." ಅವರು ನನ್ನ ಅಂಗಿಯನ್ನು ಕೊಡವಿ ತಂತಿಗೆ ಹಾಕಿದರು. "ಅಂಜಿಕಿ ಅಂದ್ರ ಏನಂತ ನನಗ ಗೊತ್ತೈತ್ರಿ. ನಿಮಗ ಮಗಳ್ನ ಕೊಡೂ ದಿನ ನನಗೂ ಹಿಂಗ ಆಗಿತ್ತು. ಹುಡುಗ ಭಾಳ ಮಾತಾಡ್ತಾನ, ಹೆಂಗೋ ಏನೋ ಅಂತ. ಯಾರಿಗೂ ಕಾಣದಂಗ ನಿಮ್ಮ ಮದುವಿ ರುಮಾಲಿನಾಗ ಒಂದು ಚಿಟಿಕಿ ವಿಭೂತಿ ಉದರಿಸಿದ್ದೆ."

"ಮತ್ತ?"

ರುದ್ರಪ್ಪ ಎಂಜಿನ್ ನೋಡಿದ ಹಾಗೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹದಿನಾಲ್ಕು ವರ್ಷ ಆತು. ಸಪ್ಪಳ ಭಾಳ ಐತಿ. ಆದ್ರ ಇನ್ನೂ ದಾರ್ಯಾಗ ನಿಂತಿಲ್ಲ."