ರಿಜೆಕ್ಟ್ ರಾಯರು ಮನೆ ಮಾರಿದ್ದು

"ದಲ್ಲಾಳಿ ಯಾಕೆ? ಈ ಮನೆಯನ್ನ ನಾನೇ ಮಾರಿ ತೋರಿಸ್ತೀನಿ!" ಎಂದು ರಿಜೆಕ್ಟ್ ರಾಯರು ಎದೆ ತಟ್ಟಿಕೊಂಡು ಘೋಷಿಸಿದಾಗ ಅವರ ಹೆಂಡತಿ ಮಂಡಿ ನೀವಿಕೊಳ್ಳುತ್ತಾ, "ಹಾಗಾದ್ರೆ ಮುಗೀತು ಬಿಡಿ" ಎಂದಿದ್ದರು.

ಮಲಗುವ ಕೋಣೆ ಮಹಡಿಯ ಮೇಲೆ, ಅಡುಗೆಮನೆ ಕೆಳಗೆ, ನಡುವೆ ಹದಿನೇಳು ಮೆಟ್ಟಿಲು. ಆಕೆಯ ಎರಡೂ ಮಂಡಿ ಕೈಕೊಟ್ಟಿದ್ದವು. ಮೆಟ್ಟಿಲಿಗೊಮ್ಮೆ ಕೂತು ಕೂತು ಹತ್ತುತ್ತಿದ್ದರು. ಎರಡು ಬೀದಿಯಾಚೆ ಮೆಟ್ಟಿಲೇ ಇಲ್ಲದ ಪುಟ್ಟ ಮನೆಯೊಂದು ಸಿಕ್ಕಿತ್ತು. ಅದರ ಒಡತಿ ಎರಡು ತಿಂಗಳು ಮಾತ್ರ ಕಾಯುತ್ತೇನೆಂದಿದ್ದಳು. ಅಷ್ಟರೊಳಗೆ ಇದು ಮಾರಾಟವಾಗಲೇಬೇಕು.

ರಾಯರು ಬೀಗದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆ ಮಾಡಿ ಆ ಅಡ್ಡಹೆಸರು ಸಂಪಾದಿಸಿದವರು. ದೋಷ ಬರೆಯದೆ ಒಂದು ಬೀಗವನ್ನೂ ಆಚೆ ಬಿಟ್ಟವರಲ್ಲ. ಬಡಿಸಿದ ಊಟ, ಹೊಲಿಸಿದ ಅಂಗಿ, ಸ್ವಂತ ಮದುವೆಯ ಫೋಟೊ, ಯಾವುದೂ ಅವರ ಕೈಯಲ್ಲಿ ಪಾಸಾಗಿರಲಿಲ್ಲ. ಹೀಗಾಗಿ ಮನೆ ನೋಡಲು ಮೊದಲು ಬಂದ ಗಂಡ ಹೆಂಡತಿಗೆ ಚಹಾದ ಜೊತೆ ಒಂದು ಪಟ್ಟಿಯನ್ನೂ ಕೊಟ್ಟರು: ಮನೆಯ ದೋಷಗಳು, ಒಟ್ಟು ನಲವತ್ಮೂರು!

ಅವರು ಹನ್ನೊಂದನೆಯದರವರೆಗೆ ಓದಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

"ಮಾರೋಕೆ ಕರೆದ್ರೋ, ಹೆದರಿಸೋಕೆ ಕರೆದ್ರೋ?" ಎಂದರು ರಾಯರ ಹೆಂಡತಿ.

"ಮುಚ್ಚಿಟ್ಟು ಮಾರೋದು ನನ್ನ ಜಾಯಮಾನ ಅಲ್ಲ!"

"ಮುಚ್ಚಿಡಬೇಡಿ, ರಿಪೇರಿ ಮಾಡಿ. ಇಪ್ಪತ್ತು ವರ್ಷದಿಂದ ಅದನ್ನೇ ಬಡ್ಕೋತಿದೀನಿ."

ರಾಯರು ಸ್ಪ್ಯಾನರ್ ಹಿಡಿದು ಸಮರಕ್ಕಿಳಿದರು. ಮಹಡಿಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದರೆ ಪೈಪೇ ಮುರಿದು ಕೈಗೆ ಬಂತು. ನೀರು ಇಳಿದು ಅಡುಗೆಮನೆಯ ಚಾವಣಿ ನೆನೆಯಿತು. ಅದು ಒಣಗಲೆಂದು ಕಿಟಕಿ ತಳ್ಳಿದರೆ, ಕಿಟಕಿ ಚೌಕಟ್ಟಿನ ಸಮೇತ ಅಂಗಳಕ್ಕೆ ಹಾರಿತು! ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತೆ, ನಲವತ್ಮೂರು ದೋಷ ಅರವತ್ತಾಯಿತು. ರಾಯರು ಛಲ ಬಿಡಲಿಲ್ಲ. ಏಳು ವಾರ ಏಣಿ ಹತ್ತಿ ಇಳಿದು ಒಂದೊಂದನ್ನೇ ಪಟ್ಟಿಯಿಂದ ಹೊಡೆದುಹಾಕಿದರು. ಆ ಏಳು ವಾರವೂ ಹೆಂಡತಿ ಕೂತು ಕೂತೇ ಮೆಟ್ಟಿಲು ಹತ್ತಿದರು. ಕೊನೆಗೊಂದು ಸಂಜೆ ಕಿಟಕಿ ಒಂದೇ ಬೆರಳಿಗೆ ತೆರೆದುಕೊಂಡಾಗ ರಾಯರಿಗೆ ಖುಷಿಗಿಂತ ಸಂಕಟವೇ ಹೆಚ್ಚಾಯಿತು. ಇಂಥ ಮನೆಯಲ್ಲಿ ತಾವು ಒಂದು ದಿನವೂ ಬಾಳಲಿಲ್ಲವಲ್ಲ ಎನ್ನಿಸಿತು.

ಗಡುವಿಗೆ ನಾಲ್ಕು ದಿನ ಇರುವಾಗ ಒಬ್ಬ ಕಟ್ಟಡದ ಗುತ್ತಿಗೆದಾರ ಬಂದ. ಹೊಸಿಲು ದಾಟದೆ ಹೊರಗಿನಿಂದಲೇ ಟೇಪು ಹಿಡಿದು ಅಳೆದ.

"ಒಳಗೆ ಬನ್ನಿ, ನಲ್ಲಿ ನೋಡಿ!"

"ಬೇಡ ಬಿಡಿ ಸಾರ್. ನಮಗೆ ಜಾಗ ಸಾಕು. ಮನೆ ಹೇಗೂ ಕೆಡವ್ತೀವಿ."

ರಾಯರ ಮುಖ ಕಪ್ಪಿಟ್ಟಿತು. "ಕೆಡವೋದಾ? ಇದರಲ್ಲಿ ಒಂದೇ ಒಂದು ದೋಷ ಇಲ್ಲ ರೀ! ಇಂಥದ್ದು ಹುಡುಕಿದ್ರೂ ಸಿಗಲ್ಲ! ನಾನು ಮಾರಲ್ಲ, ಹೋಗಿ!"

ಕೂಗು ಕೇಳಿ ಹೆಂಡತಿ ಮಹಡಿಯಿಂದ ಇಳಿಯತೊಡಗಿದರು, ಒಂದೊಂದು ಮೆಟ್ಟಿಲಿಗೂ ಕೂತು, ಹಲ್ಲು ಕಚ್ಚಿ. ರಾಯರು ನೋಡುತ್ತಲೇ ನಿಂತರು. ಆಮೇಲೆ ತಲೆ ತಗ್ಗಿಸಿ ಗುತ್ತಿಗೆದಾರನಿಗೆ, "ಆಯ್ತಪ್ಪ, ಕೆಡವ್ಕೊಳ್ಳಿ" ಎಂದರು.

ಆಕೆ ಕೊನೆಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು.

"ಒಂದೇ ಒಂದು ದೋಷ ಇಲ್ಲ, ಹುಡುಕಿದ್ರೂ ಸಿಗಲ್ಲ... ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ ರೀ, ನಿಮ್ಮ ಬಾಯಲ್ಲಿ ಈ ಮಾತು ಕೇಳಿದ್ದು ಇವತ್ತೇ. ಅದೂ ಗೋಡೆಗೆ!"